ಮುಧೋಳ ನಾಯಿಗೆ ಅಂಟುಕೆಮ್ಮು: ಮನೆಯಲ್ಲಿ ಆರೈಕೆ ಹೇಗೆ?

ಬಾಗಲಕೋಟೆಯವರು ನೀವು. ಊರಿಗೆ ಹೋಗುವಾಗ ನಾಯಿಯನ್ನು ಬೇರೆ ನಾಯಿಗಳಿರುವ ಕಡೆ ಬಿಟ್ಟಿದ್ದಿರಿ, ಕರೆತಂದ ಐದನೇ ದಿನದಿಂದ ಗಂಟಲಲ್ಲಿ ಏನೋ ಸಿಕ್ಕಿದಂತೆ ಒಣಕೆಮ್ಮು, ಕೊನೆಗೆ ಬಿಳಿ ನೊರೆ, ಆದರೆ ಊಟ ಸರಿಯಿದೆ ಅಂದಿದ್ದೀರಿ. ಇದು ಹೆಚ್ಚಾಗಿ ಕೆನಲ್ ಕಾಫ್, ಅಂದರೆ ನಾಯಿಯಿಂದ ನಾಯಿಗೆ ಹರಡುವ ಅಂಟುಕೆಮ್ಮು. ಬೋರ್ಡೆಟೆಲ್ಲಾ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾ ವೈರಸ್‌ನಂಥವು ಕೆಮ್ಮಿನ ಹನಿಗಳಿಂದ, ಹಂಚಿಕೊಂಡ ನೀರಿನ ಬಟ್ಟಲಿನಿಂದ ಅಂಟುತ್ತವೆ. ಸಾಮಾನ್ಯವಾಗಿ 1ರಿಂದ 3 ವಾರದಲ್ಲಿ ತಾನೇ ಇಳಿಯುತ್ತದೆ.

ಮೊದಲು ಕೊರಳ ಪಟ್ಟಿ ತೆಗೆಯಿರಿ. ಅದು ಶ್ವಾಸನಾಳ ಒತ್ತಿದಷ್ಟೂ ಕೆಮ್ಮು ಕೆರಳುತ್ತದೆ, ಹೊರಗೆ ಒಯ್ಯಬೇಕಾದರೆ ಎದೆಗೆ ಕಟ್ಟುವ ಪಟ್ಟಿ ಬಳಸಿ. ಒಲೆಯ ಹೊಗೆ, ಜೋಳದ ರಾಶಿಯ ಧೂಳಿನಿಂದ ದೂರವಿಡಿ. ಮುಧೋಳ ನಾಯಿಗೆ ಕೊಬ್ಬೂ ಕಡಿಮೆ, ಕೂದಲೂ ತೆಳು, ಪಾಪ, ರಾತ್ರಿಯ ಚಳಿ ತಡೆಯದು. ಕೆಳಗೆ ಗೋಣಿಚೀಲ, ಮೇಲೊಂದು ಕೌದಿ ಇರಲಿ. ಕಟಕ ರೊಟ್ಟಿ ಬೇಡ, ಮೆತ್ತಗೆ ಬೆಂದ ನುಚ್ಚು ಕೊಡಿ. ಓಟ ಪೂರ್ತಿ ಬಂದ್. ಕೆಮ್ಮು ನಿಂತ ಮೇಲೂ ಎರಡು ವಾರ ಬೇರೆ ನಾಯಿಗಳ ಜೊತೆ ಬಿಡಬೇಡಿ.

ದಯವಿಟ್ಟು ನಿಮ್ಮ ಕೆಮ್ಮಿನ ಸಿರಪ್, ಪ್ಯಾರಸಿಟಮಾಲ್ ಹಾಕಬೇಡಿ, ಜೀವಕ್ಕೇ ಕುತ್ತು ಬರಬಹುದು.

ಊಟ ಬಿಟ್ಟರೆ, ಮಂಕಾದರೆ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಉಸಿರಾಟಕ್ಕೆ ಹೊಟ್ಟೆ ಎಳೆದರೆ ಅಂದೇ ಪಶುವೈದ್ಯರಿಗೆ ತೋರಿಸಿ. ಕಣ್ಣು ಮೂಗಲ್ಲಿ ಕೀವು, ಭೇದಿ, ಮೈ ಅದುರುವುದು ಕಂಡರೆ ಡಿಸ್ಟೆಂಪರ್ ಎಂಬ ಅಪಾಯಕಾರಿ ವೈರಸ್ ರೋಗ ಇರಬಹುದು. ಅದರ ಲಸಿಕೆ ಆಗಿದೆಯೇ ಎಂದು ಇಂದೇ ಕಾರ್ಡ್ ನೋಡಿ. ಕೆಮ್ಮುತ್ತಿರುವುದು ಮರಿಯಾದರೆ ಕಾಯುವುದೇ ಬೇಡ, ಈಗಲೇ ಕರೆದೊಯ್ಯಿರಿ.