ಮುಚ್ಚಳ ತೆಗೆದರ ಮೂಗು ಮುಚ್ಚಬೇಕು, ವೈನಿ!

ಮಳಿಗಾಲ ಸುರು ಆತು ನೋಡ್ರಿ, ಈ ತಿಂಗಳ ಚೀಲದಾಗ ಅರ್ಧಕ್ಕರ್ಧ ಪತ್ರ ಅಡಿಗಿಮನಿ ಕಸದ ಡಬ್ಬಿದ್ದ. ಹಪ್ಪಳ ಹಸಿ ಆಗೂದರ ಬಗ್ಗೆ ಕೇಳಿದವರು ಮುಂದಿನ ಸಂಚಿಕೆ ತನಕ ತಡೀರಿ.

ಪ್ರಶ್ನೆ: ವೈನಿ, ನಾವು ವಿದ್ಯಾನಗರದ ಅಪಾರ್ಟ್‌ಮೆಂಟ್ ಒಂದರ ಮೂರನೇ ಮಹಡಿಯಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ನೌಕರಿ. ಕಸದ ಗಾಡಿ ಬರುವ ಹೊತ್ತಿಗೆ ಎಷ್ಟೋ ಸಲ ಮನೆಗೆ ಬೀಗ ಬಿದ್ದಿರುತ್ತದೆ, ಹಸಿ ಕಸ ಎರಡು ದಿನ ಒಳಗೇ ಉಳಿಯುತ್ತದೆ. ಸಿಂಕಿನ ಕೆಳಗೆ ಪೆಡಲ್ ಡಬ್ಬಿ ಇಟ್ಟಿದ್ದೇನೆ. ಫಿನಾಯಿಲ್ ಹಾಕಿ ತೊಳೆದರೂ ನಾತ ಹೋಗುವುದಿಲ್ಲ. ಊರಿಂದ ಅತ್ತೆಯವರು ಬರುವವರಿದ್ದಾರೆ. ಏನು ಮಾಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಫಿನಾಯಿಲ್ ಮೊದಲ ಬಿಡ್ರಿ. ನಾತದ ಮ್ಯಾಲೆ ಇನ್ನೊಂದು ನಾತ ಕೂಡತದ, ಅಷ್ಟ. ನಿಮ್ಮ ಅತ್ತಿಯವರಿಗೆ ಎರಡೂ ಗೊತ್ತಾಗತಾವ.

ಡಬ್ಬಿಯೊಳಗ ಏನೇನು ಬೀಳತದ ಅಂತ ಒಂದು ದಿನ ಲಕ್ಷ್ಯಗೊಟ್ಟು ನೋಡ್ರಿ. ಮೆಂತ್ಯಪಲ್ಯದ ಕಡ್ಡಿ, ಬದನಿಕಾಯಿ ತೊಟ್ಟು, ಸೌತಿಕಾಯಿ ಸಿಪ್ಪಿ, ಇವು ಒಣಗಿದ್ದರ ಎರಡು ದಿನ ಬಿದ್ದರೂ ಅಂಥಾ ತ್ರಾಸ ಕೊಡೂದಿಲ್ಲ. ಅದರ ಮ್ಯಾಲೆ ತಾಟಿನ್ಯಾಗ ಉಳಿದ ಕಟ್ಟಿನ ಸಾರು, ಗಿಂಡಿ ತಳದಾಗಿನ ಮಜ್ಜಿಗಿ, ನೀರು ಸೋರೂ ಚಹಾದ ಚೋಥಾ ಸುರದಿರಿ ಅಂದ್ರ ಕಥಿ ಸುರು. ಆ ನೀರು ತಳಕ್ಕ ಇಳದು ಕೂಡತದ. ಅಲ್ಲಿ ಗಾಳಿ ಆಡೂದಿಲ್ಲ. ಗಾಳಿ ಇಲ್ಲದಲ್ಲೆ ಬೆಳೆಯೂ ಬ್ಯಾಕ್ಟೀರಿಯಾಕ್ಕ ಅದ ಬೇಕಾಗಿರತದ. ಅನ್ನ, ಮೊಸರು ಹುಳಿಸಿ ಬ್ಯುಟಿರಿಕ್ ಆಮ್ಲದಂಥಾವು ಮಾಡತಾವ, ವಾಂತಿ ಮಾಡಿದಂಗ ವಾಸನಿ ಬರೂದು ಅದರಿಂದ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಕ್ಯಾಬೀಜ, ತತ್ತಿ ಇವುಗಳೊಳಗ ಗಂಧಕ ಇರತದ. ಇವು ಅದ ನೀರಿನ್ಯಾಗ ಕೊಳೆತರ ಕೆಟ್ಟ ತತ್ತಿ ನಾತ ಏಳತದ. ಹಂಗಾಗಿ ತೊಳೆಯೂದಕ್ಕಿಂತ ಮೊದಲಿನ ಕೆಲಸ ಅಂದ್ರ ಡಬ್ಬಿಗೆ ನೀರು ಬೀಳಧಂಗ ನೋಡಿಕೊಳ್ಳೂದು.

ಸಿಂಕಿನ ಮೂಲಿಯೊಳಗ ಒಂದು ತೂತಿನ ಬುಟ್ಟಿ ಇಡ್ರಿ. ತಾಟು ಬಳದದ್ದು, ಚಹಾದ ಚೋಥಾ ಎಲ್ಲಾ ಮೊದಲ ಅದರಾಗ ಬೀಳಲಿ. ರಾತ್ರಿ ಭಾಂಡಿ ತೊಳೆದಾದ ಮ್ಯಾಲೆ ಕೈಲೆ ಒಮ್ಮೆ ಒತ್ತಿ ಹಿಂಡಿ, ಹಳೇ ಪೇಪರಿನ್ಯಾಗ ಸುತ್ತಿ ಡಬ್ಬಿಗೆ ಹಾಕ್ರಿ. ಡಬ್ಬಿ ತಳಕ್ಕೂ ಪೇಪರು ನಾಕು ಪದರ ಹಾಸಿರಿ. ಇಷ್ಟು ಮಾಡಿದ್ರ ನಿಮ್ಮ ತ್ರಾಸ ಬಹಳಷ್ಟು ಕಡಿಮಿ ಆಗತದ.

ಇನ್ನ ಆ ಜಾಗಾ. ಸಿಂಕಿನ ಕೆಳಗಿನ ಕಪಾಟು ಅಂದ್ರ ಕತ್ತಲಿ, ಸೆಕಿ, ಪೈಪಿನ ಪಸಿ. ಕಸ ಕೊಳೆಸಾಕಂತನ ಕಟ್ಟಿಸಿಧಂಗ ಇರತದ. ಅಡಿಗಿಮನಿ ಚಿತ್ರ ತಗಿಯೂ ಇಂಜಿನಿಯರ್ ಮಂದಿ ಎಲ್ಲಾರೂ ಡಬ್ಬಿ ಅಲ್ಲೇ ತೋರಸ್ತಾರ, ಅವರ ಮನಿಯಾಗ ಕಸ ಯಾರು ಚೆಲ್ಲತಾರೋ ಏನೋ. ಹಿಂದಿನ ಬಾಲ್ಕನಿ ಬಾಗಲದ ಕಡೆ, ಗಾಳಿ ಆಡೂವಲ್ಲಿ ಇಡ್ರಿ. ದೊಡ್ಡ ಡಬ್ಬಿ ಇದ್ದರ ಸಣ್ಣದು ತರ್ರಿ. ದೊಡ್ಡದು ಇದ್ದಷ್ಟೂ ‘ಇನ್ನೂ ತುಂಬಿಲ್ಲಲ್ಲ’ ಅಂತ ಮನಸ್ಸು ಹೇಳತದ.

ಪೆಡಲ್ ಡಬ್ಬಿ ತೊಳೆಯೂವಾಗ ಒಳಗಿನ ಬಕೀಟ ತೊಳದು ಸುಮ್ಮನಾಗಬ್ಯಾಡ್ರಿ. ಮುಚ್ಚಳ ಮಗಚಿ ಅದರ ಅಂಚಿನೊಳಗ ಒಂದು ಬೆರಳು ಆಡಸ್ರಿ. ಜಿಬಿಜಿಬಿ ಅಂತ ಹತ್ತತದ ನೋಡ್ರಿ, ಕಂದು ಬಣ್ಣದ್ದು? ಕಸದ ಉಗಿ ಮ್ಯಾಲೆ ಏರಿ ಅಲ್ಲಿ ನೀರಾಗಿ ನಿಂತು, ಜಿಡ್ಡಿನ ಜೋಡಿ ಗಟ್ಟಿ ಆದದ್ದು ಅದು. ಮುಚ್ಚಳದ ಕೀಲು, ಬಕೀಟಿಗೂ ಹೊರಗಿನ ಕವಚಕ್ಕೂ ನಡುವಿನ ಸಂದಿ, ಅಲ್ಲೂ ಹಿಂಗ. ಹಳೇ ಹಲ್ಲುಜ್ಜೂ ಬ್ರಶ್, ಬಿಸಿನೀರು, ಭಾಂಡಿ ತೊಳೆಯೂ ಸಾಬಾಣ ಸಾಕು. ತಂತಿ ಬ್ರಶ್ ಮುಟ್ಟಸಬ್ಯಾಡ್ರಿ, ಪ್ಲಾಸ್ಟಿಕ್ ಗೀರು ಬಿದ್ದು ಜಿಡ್ಡು ಅದರಾಗ ಕೂಡತದ. ತೊಳದ ಮ್ಯಾಲೆ ಬಿಸಲಿಗೆ ಇಟ್ಟು ಖಡಕ್ ಒಣಗಸ್ರಿ. ಹಸಿ ಇರೂವಾಗ ಪೇಪರು ಹಾಸಿದ್ರ ಎಲ್ಲಾ ಮತ್ತ ಮೊದಲಿಂದ. ಅಷ್ಟಾದ್ರೂ ಹುಳಿ ವಾಸನಿ ಉಳೀತು ಅಂದ್ರ ಎರಡು ಚಮಚೆ ಅಡಿಗಿ ಸೋಡಾ ಒಳಗ ಸವರಿ ರಾತ್ರಿ ಬಿಡ್ರಿ. ಸೋಡಾ ಆಮ್ಲ ಮುರೀತದ.

ಮೀನಾ, ಕೋಳಿ ತರೂ ಮನಿಯಾದ್ರ ಆ ಎಲುಬು, ಮುಳ್ಳು ಪೇಪರಿನ್ಯಾಗ ಸುತ್ತಿ ಒಂದು ಡಬ್ಬಿಗೆ ಹಾಕಿ ಗಾಡಿ ಬರೂ ತನಕ ಫ್ರೀಜರಿನ್ಯಾಗ ಇಡ್ರಿ. ಅಯ್ಯ ಅನ್ನಬ್ಯಾಡ್ರಿ, ಮೀನಾ ತಂದಾಗ ಅಲ್ಲೇ ಇಟ್ಟಿದ್ದಿರಿ.

ಗಾಡಿ ಮಾತು: ಬಾಜೂ ಮನಿಯವರ ಜೋಡಿ ಮಾತಾಡ್ರಿ. ನೀವು ಇಲ್ಲದ ದಿನ ನಿಮ್ಮ ಡಬ್ಬಿ ಅವರು ಕೊಡಲಿ, ಅವರು ಊರಿಗೆ ಹೋದಾಗ ಅವರದ್ದು ನೀವು ಕೊಡ್ರಿ.

ಪ್ರಶ್ನೆ: ನಮ್ಮಲ್ಲಿ ನಳದ ನೀರು ಬಂದರೆ ಮತ್ತೆ ಬರುವುದು ಎಂಟು ದಿನಕ್ಕೆ. ಕುಡಿಯಲು, ಅಡುಗೆಗೆ ಲೆಕ್ಕ ಹಾಕಿ ಬಳಸುತ್ತೇವೆ. ಕಸದ ಬುಟ್ಟಿ ತೊಳೆಯಲು ಎಲ್ಲಿಂದ ತರಲಿ?
— ಓದುಗರು, ಗದಗ-ಬೆಟಗೇರಿ

ಉತ್ತರ: ಅರಿವಿ ಒಗೆದ ಕಡೀ ನೀರು ಚೆಲ್ಲಬ್ಯಾಡ್ರಿ. ಅದರಾಗ ಸಾಬಾಣ ಇದ್ದ ಇರತದ, ಬುಟ್ಟಿಗೆ ಅರ್ಧ ಬಕೀಟ ಸಾಕಾಗತದ. ಅಕ್ಕಿ ತೊಳೆದ ನೀರು ಮಾತ್ರ ಬ್ಯಾಡ, ಅದರ ಗಂಜಿ ಅಂಟಿ ಮತ್ತ ಹುಳೀತದ. ಅದು ತುಳಸಿಗೆ ಇರಲಿ.

ಬಚ್ಚಲದ ಒಲಿಗೆ ಕಟಗಿ ಹಾಕೂ ಮನಿ ನಿಮ್ಮ ಕಡೆ ಇನ್ನೂ ಅವ. ಬೂದಿ ತರ್ರಿ. ಬೂದಿ ನೀರು ಹೀರತದ, ಹುಳಿ ಮುರೀತದ. ತಳಕ್ಕ ಎರಡು ಮುಟಗಿ, ಆಮ್ಯಾಲೆ ಕಸ ಹಾಕಿಧಂಗ ಮ್ಯಾಲೆ ಒಂದು ಚೂರು. ಕೆಂಡ ಪೂರ್ತಿ ಆರಿದ್ದು ನೋಡಿ ಹಾಕ್ರಿ, ಇಲ್ಲಂದ್ರ ಪ್ಲಾಸ್ಟಿಕ್ ಬುಟ್ಟಿಗೆ ತೂತು. ಬೂದಿ ಸಿಗದಿದ್ದರ ಬಡಿಗ್ಯಾರ ಅಂಗಡಿಗೆ ಹೋದ್ರ ಕಟಗಿ ಹೊಟ್ಟು ಚೀಲಗಟ್ಟಲೆ ಕೊಡತಾರ. ಹಿಂಗ ಒಣಾ ಇಟ್ಟ ಬುಟ್ಟಿ ಪೇಪರಿಲೆ ಒರಸಿದ್ರೂ ನಡೀತದ, ತೊಳೆಯೂ ಪಾಳಿ ನೀರು ಬಂದ ದಿನಕ್ಕ ಇಟ್ಟುಕೊಳ್ಳ್ರಿ.

ಮನಿ ಹತ್ತಿರ ಆಕಳ ಕಟ್ಟಿದವರು ಇದ್ದರ ಕೇಳಿ ನೋಡ್ರಿ. ಹಣ್ಣು, ಕಾಯಿಪಲ್ಯದ ಹಸೀ ಸಿಪ್ಪಿ ದಿನಾ ಅಲ್ಲಿಗೆ ಹೋದ್ರ ಬುಟ್ಟಿಗೆ ಉಳಿಯೂದಾದ್ರೂ ಏನು? ಬೂಷ್ಟು ಹಿಡದದ್ದು, ಪ್ಲಾಸ್ಟಿಕ್ ಕೂಡಿದ್ದು ಕೊಡಬ್ಯಾಡ್ರಿ ಮತ್ತ.

ಪ್ರಶ್ನೆ: ಆಪೂಸ್ ಹಣ್ಣಿನ ಪೆಟ್ಟಿಗೆ ತಂದಾಗಿನಿಂದ ಕಸದ ಡಬ್ಬಿಯ ಸುತ್ತ ಸಣ್ಣ ನೊಣ. ನಿನ್ನೆ ತಳದಲ್ಲಿ ಬಿಳಿ ಹುಳ ಕಂಡು ಮಗಳು ಊಟ ಬಿಟ್ಟಳು.
— ಓದುಗರು, ಧಾರವಾಡ

ಉತ್ತರ: ಎರಡೂ ಬ್ಯಾರೆ ಬ್ಯಾರೆ. ಸಣ್ಣವು ಹಣ್ಣಿನ ನೊಣ. ತತ್ತಿ ಹಣ್ಣಿನ ಮ್ಯಾಲೇ ಮನಿಗೆ ಬಂದಿರತಾವ, ನಮ್ಮ ಸೆಕಿಗೆ ಹತ್ತು ದಿನದಾಗ ರೆಕ್ಕಿ ಬರತದ. ಬಿಳಿ ಹುಳ ದೊಡ್ಡ ಮನಿನೊಣದ್ದು, ಅದರ ತತ್ತಿ ಒಂದ ದಿನದಾಗ ಒಡೀತದ. ಅಂದ್ರ ಮುಚ್ಚಳ ತಗದಿತ್ತು, ಡಬ್ಬಿ ಎರಡು ಮೂರು ದಿನ ಕುಂತಿತ್ತು.

ಹುಳಕ್ಕ ಕುದಿಯೂ ನೀರು ಸುರೀರಿ. ಪ್ಲಾಸ್ಟಿಕ್ ತೆಳುವು ಇದ್ದರ ಬಚ್ಚಲದಾಗ ಇಟ್ಟು ಸ್ವಲ್ಪ ಸ್ವಲ್ಪ. ನೊಣಕ್ಕ ಒಂದು ವಾಟಗಾದಾಗ ವಿನಿಗರ್, ಅದಕ್ಕ ಒಂದು ಹನಿ ಭಾಂಡಿ ಸಾಬಾಣ. ವಾಸನಿಗೆ ಬರತಾವ, ಸಾಬಾಣದಿಂದ ನೀರಿನ ಮ್ಯಾಲೆ ನಿಲ್ಲಾಕ ಆಗದ ಮುಳಗತಾವ. ಮಾವಿನ ಗೊಪ್ಪ, ಸಿಪ್ಪಿ ರಾತ್ರಿ ಮನಿಯಾಗ ಇಡಬ್ಯಾಡ್ರಿ. ಪೆಟ್ಟಿಗಿ ಒಳಗಿನ ಹುಲ್ಲೂ ತಗದು ಚೆಲ್ರಿ, ಕೊಳೆತ ಒಂದು ಹಣ್ಣು ಅದರಾಗ ಹುದಗಿರತದ. ಮಗಳಿಗೆ ಹೇಳ್ರಿ, ಹುಳ ಡಬ್ಬಿಯಾಗ ಇದ್ದವು, ತಾಟಿನ್ಯಾಗ ಅಲ್ಲ.

ಪ್ರಶ್ನೆ: ಡಬ್ಬಿ ಬೇಗ ಬೆಳ್ಳಗಾಗಲೆಂದು ಬ್ಲೀಚಿಂಗ್ ಪೌಡರ್ ಹಾಗೂ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಿ ಹಾಕಬಹುದೇ?
— ಓದುಗರು, ಹಾವೇರಿ

ಉತ್ತರ: ಯವ್ವಾ, ಬ್ಯಾಡ! ಎರಡೂ ಕೂಡಿದ್ರ ಕ್ಲೋರಿನ್ ಅನಿಲ ಏಳತದ. 1915ರೊಳಗ ಮೊದಲನೇ ಮಹಾಯುದ್ಧದಾಗ ಸೈನಿಕರ ಮ್ಯಾಲೆ ಬಿಟ್ಟದ್ದು ಇದನ್ನ. ವಿನಿಗರ್, ಲಿಂಬಿ ರಸನೂ ಬ್ಲೀಚಿಂಗ್ ಜೋಡಿ ಕೂಡಸಬಾರದು. ಯಾರರೆ ಕೂಡಿಸಿಬಿಟ್ಟರ ಅಲ್ಲೇ ನಿಂತು ಸ್ವಚ್ಛ ಮಾಡಲಿಕ್ಕೆ ಹೋಗದ ಮೊದಲ ಹೊರಗ ಗಾಳಿಗೆ ಬರ್ರಿ. ಕೆಮ್ಮು, ಎದಿ ಬಿಗಿತ ಇದ್ದರ ದವಾಖಾನಿಗೆ ನಡೀರಿ. ಡಬ್ಬಿ ಬೆಳ್ಳಗ ಆಗಬೇಕಂತೇನೂ ಇಲ್ಲ, ಸ್ವಚ್ಛ ಇದ್ದರಾತು.

ಪ್ರಶ್ನೆ: ಡಬ್ಬಿಗೆ ಪ್ಲಾಸ್ಟಿಕ್ ಚೀಲ ಹಾಕಿದರೆ ತೊಳೆಯುವ ಕೆಲಸವೇ ಇರುವುದಿಲ್ಲ. ಆದರೆ ಗಾಡಿಯವರು ಬೈಯುತ್ತಾರೆ.
— ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ಅವರು ಬೈಯೂದು ಬರೋಬ್ಬರಿ ಅದ. ಹಸಿ, ಒಣ ಬ್ಯಾರೆ ಮಾಡಿ ಕೊಡ್ರಿ ಅಂತ ಸರಕಾರದ ಕಸದ ನಿಯಮದಾಗ 2016ರಿಂದನೂ ಅದ, ಹಸಿ ಕಸ ಗೊಬ್ಬರ ಆಗಬೇಕಾದ್ರ ಚೀಲ ಹರದು ತಗಿಯೂ ಕೈ ಅವರದ್ದ. ಗಂಟು ಬಿಗಿದ ಪ್ಲಾಸ್ಟಿಕ್ಕಿನೊಳಗ ಗಾಳಿ ಇರೂದಿಲ್ಲ, ಮ್ಯಾಲೆ ಹೇಳಿದ ನಾತ ಪೂರಾ ಅವರ ಮಾರಿಗೆ ಹೊಡೀತದ.

ಪೇಪರಿನ ಎರಡು ಹಾಳಿ ಅಡ್ಡಕ್ಕೊಂದು ಉದ್ದಕ್ಕೊಂದು ಇಟ್ಟು ಡಬ್ಬಿಯೊಳಗ ಒತ್ತಿ, ಅಂಚು ಹೊರಗ ಮಡಚ್ರಿ. ಕೊಡೂವಾಗ ಡಬ್ಬಿ ಬೋರಲು ಹಾಕಿದ್ರ ಗಂಟಿನ ಸಮೇತ ಬೀಳತದ. ಡಯಪರು, ಪ್ಯಾಡು ಮಾತ್ರ ಇದರಾಗ ಹಾಕಬ್ಯಾಡ್ರಿ. ಅವನ್ನ ಪೇಪರಿನ್ಯಾಗ ಸುತ್ತಿ, ಗುರುತು ಮಾಡಿ, ಬ್ಯಾರೆನ ಕೊಡ್ರಿ.