ಮಂಡಿ ಆಪರೇಷನ್ ಆಗಿ 3 ವಾರವಾದರೂ ಕಾಲು ನೇರವಾಗುತ್ತಿಲ್ಲ: ಪ್ರತಿಕ್ರಿಯೆ

ಹರಿದ ಮೆನಿಸ್ಕಸ್‌ಗೆ (ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಆಪರೇಷನ್ ಆಗಿದೆ, ಮಂಡಿ ಕೆಳಗೆ ದಿಂಬು ಇಟ್ಟುಕೊಳ್ಳುತ್ತಿದ್ದೇನೆ, ಕಾಲು ಯಾಕೆ ನೇರವಾಗುತ್ತಿಲ್ಲ ಅಂತ ಕೇಳಿದ್ದೀರಿ. ಹೆಚ್ಚಾಗಿ ಕಾರಣ ಊತ, ಜೊತೆಗೆ ಆ ದಿಂಬು. ಮಂಡಿಯೊಳಗೆ ನೀರು ತುಂಬಿದರೆ ತೊಡೆಯ ಮುಂಭಾಗದ ಸ್ನಾಯು ಸರಿಯಾಗಿ ಬಿಗಿಯಾಗುವುದಿಲ್ಲ. ಕೀಹೋಲ್ ಆಪರೇಷನ್ (ಸಣ್ಣ ರಂಧ್ರಗಳ ಮೂಲಕ ಮಾಡುವುದು) ಆದಮೇಲೆ ನನಗೂ ಹೀಗೇ ಆಗಿತ್ತು. ದಿಂಬು ಹಾಯೆನಿಸುತ್ತದೆ ನಿಜ, ಆದರೆ ಮಂಡಿ ಮಡಚಿದ ಹಾಗೇ ಬಿಗಿದುಕೊಳ್ಳುತ್ತದೆ.

ಮೊದಲು ಡಿಸ್ಚಾರ್ಜ್ ಸಮ್ಮರಿ ನೋಡಿ. ಹರಿದ ಮೆನಿಸ್ಕಸ್ ಅನ್ನು ಕತ್ತರಿಸಿ ತೆಗೆದಿದ್ದಾರೋ, ಹೊಲಿಗೆ ಹಾಕಿದ್ದಾರೋ? ಹೊಲಿಗೆಯಾಗಿದ್ದರೆ ಡಾಕ್ಟರನ್ನು ಕೇಳದೆ ಏನೂ ಮಾಡಬೇಡಿ. ಭಾರ ಹಾಕುವುದಕ್ಕೂ ಮಡಚುವುದಕ್ಕೂ ಮಿತಿ ಇರುತ್ತದೆ.

ಕತ್ತರಿಸಿದ್ದಷ್ಟೇ ಆದರೆ, ಇವತ್ತಿಂದಲೇ ದಿಂಬು ತೆಗೆಯಿರಿ. ಟವೆಲ್ ಸುತ್ತಿ ಹಿಮ್ಮಡಿ ಕೆಳಗಿಡಿ, ಮಂಡಿ ಗಾಳಿಯಲ್ಲಿ ತಾನಾಗಿ ಇಳಿಯಲಿ. 5 ನಿಮಿಷ ಸಾಕು, ದಿನಕ್ಕೆ ಮೂರ್ನಾಲ್ಕು ಸಲ. ಆಮೇಲೆ ಅದೇ ಟವೆಲ್ ಮಂಡಿ ಕೆಳಗಿಟ್ಟು, ಅದನ್ನು ಒತ್ತಿ 5 ಎಣಿಸಿ ಬಿಡಿ. ಹೀಗೆ 10 ಸಲ. ಕೈಯಿಟ್ಟು ನೋಡಿ, ಮಂಡಿಚಿಪ್ಪಿನ ಮೇಲಿನ ಸ್ನಾಯು ಗಟ್ಟಿಯಾಗಬೇಕು. ನನಗೆ ಮೊದಲೆರಡು ದಿನ ಅದು ಅಲುಗಾಡಲೂ ಇಲ್ಲ, ಹೆದರಬೇಡಿ. ಸಂಜೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ. ಸದ್ಯಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಬೇಡ.

ಮಂಡಿ ಒಂದೇ ಕಡೆ ಟಕ್ ಅಂತ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಒಳಗೆ ಏನೋ ಅಡ್ಡ ಬರುತ್ತಿರಬಹುದು. ಅದನ್ನು ಇಲ್ಲಿಂದ ಹೇಳಲಾಗದು, ಸರ್ಜನ್ನೇ ನೋಡಬೇಕು. ಜ್ವರ, ಗಾಯದಲ್ಲಿ ಕೀವು, ಮೀನಖಂಡದಲ್ಲಿ ನೋವು ಅಥವಾ ಊತ ಇದ್ದರೆ ಇವತ್ತೇ ಆಸ್ಪತ್ರೆಗೆ ಹೋಗಿ. ಉಸಿರಾಡಲು ಕಷ್ಟವಾದರೆ ಅಥವಾ ಎದೆನೋವು ಬಂದರೆ ತಕ್ಷಣ ಎಮರ್ಜೆನ್ಸಿಗೆ.