'ಸೆಟ್' ಪದಕ್ಕೆ ಅಷ್ಟೊಂದು ಅರ್ಥ ಇದೆಯಲ್ಲ, ಮಕ್ಕಳಿಗೆ ಹೇಗೆ ಕಲಿಸೋದು?

ಸೆಟ್‌ಗೆ ನಾನೂರಕ್ಕೂ ಜಾಸ್ತಿ ಅರ್ಥ ಇದೆಯಂತೆ ನಿಜವಾ, ಒಂಬತ್ತನೇ ಕ್ಲಾಸಿನ ಮಗಳಿಗೆ ಹೇಗೆ ಹೇಳಿಕೊಡಲಿ ಅಂತ ಕೇಳಿದ್ದೀರಿ.

ನಿಜ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಸೆಟ್‌ಗೆ ಸುಮಾರು 430 ಅರ್ಥ ಇದ್ದವು. ಆಮೇಲೆ 'ರನ್' 645 ಅರ್ಥ ಇಟ್ಟುಕೊಂಡು ಅದನ್ನೂ ಹಿಂದೆ ಹಾಕಿತು. ಆದರೆ ಆ ಪಟ್ಟಿ ಬಾಯಿಪಾಠ ಮಾಡಿಸೋಕೆ ಮಾತ್ರ ಹೋಗಬೇಡಿ. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. 'ಕೂರಿಸು' ಅನ್ನೋ ಒಂದು ಪದದಿಂದ ಶುರು ಮಾಡುತ್ತೇನೆ.

ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ಇದು ನೆನಪಿಗೆ ಅಂತ ನಾನು ಹೊಂದಿಸಿದ್ದಲ್ಲ, ಆ ಎರಡು ಪದಗಳ ಹಳೇ ಸಂಬಂಧವೇ ಅದು. ನಾವು ಕೊನೆಗೆ 'ಇಸು' ಸೇರಿಸುತ್ತೇವೆ, ಅವರು ಒಳಗಿನ ಸ್ವರ ಬದಲಿಸಿದರು. ಫಾಲ್ ಬೀಳು, ಫೆಲ್ ಅಂದರೆ ಮರ ಬೀಳಿಸು. ರೈಸ್ ಏಳು, ರೇಸ್ ಎಬ್ಬಿಸು. ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ, ಡಾಕ್ಟರು ಮುರಿದ ಮೂಳೆ ಕೂರಿಸುತ್ತಾರೆ. ಇಂಗ್ಲಿಷ್‌ನಲ್ಲೂ ಎರಡಕ್ಕೂ ಸೆಟ್! ಅಲಾರಾಂ ಮುಳ್ಳನ್ನು ಐದಕ್ಕೆ ಕೂರಿಸಿದರೂ ಅದೇ. (ಗಣಪತಿ ಕೂರಿಸೋದಕ್ಕೆ ಮಾತ್ರ ಇನ್‌ಸ್ಟಾಲ್ ಅನ್ನಿ.)

ಕೂತದ್ದು ಅಲುಗಾಡದೆ ಗಟ್ಟಿಯಾದರೂ ಸೆಟ್. ನಮ್ಮ ಮನೆಗೆ ಮೋಲ್ಡ್ ಹಾಕಿದ ಮಾರನೇ ದಿನ ಮೇಸ್ತ್ರಿ ತಾರಸಿ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ತುಂಬಿಸಿದರು. ಒಣಗಬೇಕಾದ್ದಕ್ಕೆ ಯಾಕಪ್ಪಾ ನೀರು ಅಂದೆ. "ಒಣಗಬಾರ್ದು ಸಾರ್, ಸೆಟ್ ಆಗ್ಬೇಕು" ಅಂದರು. ಅವರ ಮಾತೇ ಸರಿ. ಸಿಮೆಂಟು ಒಣಗಿ ಗಟ್ಟಿಯಾಗಲ್ಲ, ನೀರಿನ ಜೊತೆ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ಮೊಸರು ಹೆಪ್ಪುಗಟ್ಟೋದಕ್ಕೂ ಇಂಗ್ಲಿಷ್‌ನವರು ಸೆಟ್ ಅಂತಲೇ ಅನ್ನುತ್ತಾರೆ. ಸೂರ್ಯನನ್ನೂ ಬಿಟ್ಟಿಲ್ಲ. ನಮ್ಮ ಸೂರ್ಯ ಮುಳುಗಿದರೆ ಅವರದು ಸೆಟ್ ಆಗುತ್ತದೆ.

ಇನ್ನು ಟೀ ಸೆಟ್, ಸೆಟ್ ದೋಸೆ, ಪಂಪು ಮೋಟರು ಸೇರಿದ ಪಂಪ್‌ಸೆಟ್. ಇಲ್ಲಿ ಕೂರಿಸು ಹುಡುಕಿದರೆ ಸಿಗಲ್ಲ. ಗುಂಪು, ಜೊತೆ ಅನ್ನೋ ಈ ಸೆಟ್ ಫ್ರೆಂಚ್ ಕಡೆಯಿಂದ ಬಂದದ್ದು, ಮೂಲ ಲ್ಯಾಟಿನ್‌ನ 'ಸೆಕ್ಟಾ'. ಒಂದೇ ಹೆಸರಿನ ಇಬ್ಬರು ಒಂದೇ ಬೀದಿಯಲ್ಲಿ ಇರ್ತಾರಲ್ಲ, ಹಾಗೆ. ಅಂದಹಾಗೆ ಸೆಟ್ ದೋಸೆ ಬೆಂಗಳೂರಿನ ಮಾತು. ನಮ್ಮೂರಲ್ಲಿ 'ಬೆಣ್ಣೆ ಖಾಲಿ' ದೋಸೆ ಅಂತ ಕೇಳಬೇಕು.

ನಿಜವಾದ ತೊಂದರೆ ಬರೋದು ನಮ್ಮ ಕನ್ನಡದ ಸೆಟ್‌ನಿಂದ. "ಆ ಕೆಲಸ ನಂಗೆ ಸೆಟ್ ಆಗಲ್ಲ", "ಅವರಿಬ್ಬರಿಗೂ ಸೆಟ್ ಆಗಲ್ಲ" ಅಂತ ದಿನಾ ಅನ್ನುತ್ತೇವೆ. ಇಲ್ಲಿ ಸೆಟ್ ಅಂದರೆ ಒಗ್ಗು, ಹೊಂದು. ಇವತ್ತಿನ ಇಂಗ್ಲಿಷ್‌ನಲ್ಲಿ ಸೆಟ್ ಅನ್ನು ಈ ಅರ್ಥದಲ್ಲಿ ಬಳಸಲ್ಲ. ನನ್ನ ಮೊದಲ ಇಂಟರ್‌ವ್ಯೂನಲ್ಲಿ ಊರು ಬಿಟ್ಟು ಬರ್ತೀರಾ ಅಂತ ಕೇಳಿದರು. "ಬೆಂಗಳೂರ್ ವೆದರ್ ಈಸ್ ನಾಟ್ ಸೆಟ್ ಟು ಮೀ" ಅಂದುಬಿಟ್ಟೆ. ಎದುರಿಗಿದ್ದವರು ಪೆನ್ನು ಕೆಳಗಿಟ್ಟು, ಏನು ಅಂತ ಇನ್ನೊಮ್ಮೆ ಕೇಳಿದರು. ನಾನು ಅದನ್ನೇ ಇನ್ನೂ ಜೋರಾಗಿ ಹೇಳಿದೆ. ಅಲ್ಲಿ ಬೇಕಾಗಿದ್ದ ಪದ ಸೂಟ್. ಮಗಳಿಗೆ ಮೊದಲು ಇದನ್ನೇ ತಿದ್ದಿ.

ಅಷ್ಟೊಂದು ಅರ್ಥ ಅಂತ ಅವಳು ಗಾಬರಿಯಾದರೆ 'ಹತ್ತು' ಅನ್ನೋ ಪದಕ್ಕೆ ಅರ್ಥ ಬರೆಯೋಕೆ ಹೇಳಿ. ಬಸ್ ಹತ್ತು, ಒಲೆ ಹತ್ತು, ನಿದ್ದೆ ಹತ್ತು, ಒಂಬತ್ತಾದ ಮೇಲಿನ ಹತ್ತು. ನಮ್ಮ ಕಡೆ ಮಳೆಯೂ "ಬರಾಕ್ ಹತ್ತೈತಿ".